ನೋವಿದ್ದರೆ ಬರೆ

ಕುಷ್ಟಗಿ
12-6-1980

ತಮ್ಮ ಪಕೀರಪ್ಪನಿಗೆ ಶಾಂತಕ್ಕನ ಆಶೀರ್ವಾದಗಳು.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದ ಮೇಲೆ ನೀನು ಕಾರಟಗಿ ಮುಟ್ಟಿದ ಸುದ್ದಿ ಇಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ನಿನ್ನ ಮುಖ ಇನ್ನೂ ಕಣ್ಣ ಮುಂದಿದೆ. ಅಪ್ಪ ನಲವತ್ತೈದು ತುಂಬುವ ಮೊದಲೇ ಹೋದ. ನಿನ್ನ ಅಣ್ಣ ತಿರುಪತಿ ಈ ಸಲ ಯುಗಾದಿ ಕಳೆದ ವಾರವೇ ತಾನು ಗುಮಾಸ್ತನಾಗಿದ್ದ ಕೊಪ್ಪಳದ ಕೋರ್ಟಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಈಗ ನಿನ್ನ ರಕ್ತದಲ್ಲೂ ಕೊಬ್ಬು ಮಿತಿಮೀರಿದೆ, ಇದು ನಿಮ್ಮ ಮನೆತನದಲ್ಲೇ ಇಳಿದು ಬಂದದ್ದು ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಕಡೆ ನೋಡಿದೆ. ಅಲ್ಲಿ ನಿಂತು ಹೇಳುವ ಮಾತುಗಳಲ್ಲ ಇವು. ಅದಕ್ಕೆ ಬರೆಯುತ್ತಿದ್ದೇನೆ.

ಕೊಬ್ಬು ಇಳಿಸಲು ಅವರು ಕೊಟ್ಟ ಗುಳಿಗೆಯನ್ನು ಊಟವಾದ ಮೇಲೆ ತಪ್ಪದೆ ತೆಗೆದುಕೋ. ಯಾರು ಏನೇ ಅಂದರೂ ಬಿಡಬೇಡ. ತಿರುಪತಿಗೆ ರಕ್ತದೊತ್ತಡದ ಗುಳಿಗೆ ಕೊಟ್ಟಿದ್ದಾಗ ಕೋರ್ಟಿನಲ್ಲಿ ಯಾರೋ, "ಅದನ್ನ ನುಂಗಿದ್ರ ಕಣ್ಣು ಮಂಜಾಗ್ತಾವ ನೋಡ್ರಿ" ಅಂದರಂತೆ. ಅವತ್ತೇ ಪೊಟ್ಟಣವನ್ನು ತಿಪ್ಪೆಗೆ ಎಸೆದ. ನೀನೂ ಅವನ ಬೆನ್ನಿಗೆ ಹುಟ್ಟಿದವನೇ, ಹೆದರುವುದರಲ್ಲಿ ಇಬ್ಬರೂ ಒಂದೇ. ನೀನು ಔಷಧಿ ಅಂಗಡಿಗೆ ಹೋದಾಗ ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡು ಏನು ಹೇಳಿದರೆಂದು ದಾರಿಯುದ್ದಕ್ಕೂ ಕೇಳಿದೆ. ಪಥ್ಯದ ಮಾತು, ಅಷ್ಟೆ. ಎಣ್ಣೆ ಕಡಿಮೆ, ತುಪ್ಪ ಬೇಡ, ಬೀಡಿಯಂತೂ ಬೇಡವೇ ಬೇಡ. ನಿನ್ನ ಹೆಂಡತಿ ಹುಲಗೆಮ್ಮನಿಗೂ ಹೇಳು.

ಇನ್ನೊಂದು ಮಾತು. ಬೇಸಿಗೆ ರಜೆಯಲ್ಲಿ ನಮಗೆ, ಸಾಲಿ ಮಾಸ್ತರರಿಗೆಲ್ಲ, ಯೋಗಾಸನದ ತರಬೇತಿ ಇಟ್ಟಿದ್ದರಲ್ಲ. ನನ್ನ ಮಂಡಿ ಹಿಡಿಯುತ್ತಿದ್ದದ್ದು ಬಿಟ್ಟೇ ಹೋಗಿದೆ. ನಿನಗೂ ಮಾಡಿಸಬೇಕೆಂದು ಮನಸ್ಸಿಗೆ ಬಂತು. ಡಾಕ್ಟರನ್ನು ಕೇಳಿದೆ, ಮಾಡಲಿ ಎಂದರು. ಸೂರ್ಯ ನಮಸ್ಕಾರದ ಒಂದೊಂದು ಭಂಗಿಯನ್ನೂ ಬೇರೆ ಹಾಳೆಯ ಮೇಲೆ ಬರೆದು ಇದರ ಜೊತೆ ಇಟ್ಟಿದ್ದೇನೆ. ನನ್ನ ಚಿತ್ರ ನೋಡಿ ನಗಬೇಡ. ಹೊಟ್ಟೆ ಖಾಲಿ ಇರುವಾಗ ಬೆಳಿಗ್ಗೆ ಮಾಡು.

ಅವ್ವ ಹೋದ ಮೇಲೆ ನಿಮ್ಮಿಬ್ಬರ ತಲೆ ಬಾಚಿ ಸಾಲಿಗೆ ಕಳಿಸಿದವಳು ನಾನು. ಈಗ ಉಳಿದವನು ನೀನೊಬ್ಬ. ಮೈಕೈ ನೋವೇನಾದರೂ ಇದ್ದರೆ ಬರೆ.

ನಿನ್ನ
ಶಾಂತಕ್ಕ


ಕಾರಟಗಿ
3-7-1980

ಅಕ್ಕನಿಗೆ ಪಕೀರನ ನಮಸ್ಕಾರ.

ನಿನ್ನ ಕಾಗದ ಬಂತು, ಚಿತ್ರವೂ ಬಂತು. ಹುಲಗೆಮ್ಮ ಅದನ್ನು ನೋಡಿ, "ಅಕ್ಕಾರು ಮಿಡತಿ ಬರದು ಕಳಸ್ಯಾರೇನು?" ಅಂದಳು. ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿಕೊಂಡು ದಿನವೂ ಬೆಳಿಗ್ಗೆ ಮಾಡುತ್ತಿದ್ದೇನೆ. ಬಗ್ಗಿದರೆ ಬೆರಳು ಮೊಣಕಾಲಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಈಗ ಕಣಕಾಲು ಮುಟ್ಟುತ್ತದೆ.

ನಮ್ಮ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ಉಮರಸಾಬನಿಗೆ ಗೊತ್ತಾಗಿ ಎಲ್ಲರೆದುರು, "ನಮ್ಮ ಮಶೀನ್ ಮೇಸ್ತ್ರಿ ಸ್ವಾಮಿ ಆಗ್ಯಾನ್ರೋ, ಇನ್ನ ಕಾವಿ ಒಂದು ಬಾಕಿ" ಎಂದು ಕೂಗಿದ. ಬೀಡಿ ಕೊಡುವುದನ್ನು ಮಾತ್ರ ನಿಲ್ಲಿಸಿದ್ದಾನೆ. ಕೇಳಿದರೆ, "ನಿಮ್ಮ ಅಕ್ಕನ ಶಾಪ ನನಗ ಬ್ಯಾಡಪಾ" ಅನ್ನುತ್ತಾನೆ.

ಗುಳಿಗೆ ತಪ್ಪಿಸಿಲ್ಲ. ನೋವಿದೆಯಾ ಎಂದು ನೀನು ಕೇಳಿದ್ದು ಏಕೆಂದು ನನಗೆ ಗೊತ್ತು. ಸಾಲಿ ತಪ್ಪಿಸಲು ನಾನು ಕಾಲುನೋವು ಅನ್ನುತ್ತಿದ್ದೆ, ನೀನು ಕಾಲಿಗೆ ಎಣ್ಣೆ ತಿಕ್ಕಿ ಹಾಗೆಯೇ ಎಳೆದುಕೊಂಡು ಹೋಗುತ್ತಿದ್ದೆ. ಈ ಸಲ ಆ ನೆವ ಹೇಳುವುದಿಲ್ಲ. ನೋವೂ ಇಲ್ಲ ಏನೂ ಇಲ್ಲ.

ಅಣ್ಣ ಕನಸಿನಲ್ಲಿ ಬರುತ್ತಾನೆ. ಮೆಟ್ಟಿಲ ಮೇಲೆ ಕೂತಿರುತ್ತಾನೆ. ನಾನು ಸಾಯಲಾರೆ ಅಕ್ಕ. ನೀನು ಹೇಳಿದ್ದನ್ನೆಲ್ಲ ಮಾಡುತ್ತೇನೆ.

ಪಕೀರಪ್ಪ


ಕುಷ್ಟಗಿ
22-7-1980

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಸಾಲಿಗೆ ಒಯ್ದು ಕಸ್ತೂರೆಮ್ಮ ಟೀಚರಿಗೂ ಓದಿ ತೋರಿಸಿದೆ. ಅವಳು ಯಲಬುರ್ಗಿಯವಳು. ಅವಳ ತವರಿನಲ್ಲೂ ಹೀಗೆಯೇ ಗಂಡಸರು ಅರ್ಧ ಆಯುಷ್ಯಕ್ಕೇ ಹೋಗುತ್ತಾರಂತೆ. "ನಿಮ್ಮ ತಮ್ಮ ಗಟ್ಟಿ ಅದಾನ, ಅಕ್ಕಾರ" ಅಂದಳು. ನನಗೆ ಎಷ್ಟು ಹಿತವಾಯಿತೆಂದರೆ ಅವತ್ತು ಮಕ್ಕಳ ಮೇಲೆ ಒಮ್ಮೆಯೂ ಸಿಟ್ಟು ಮಾಡಲಿಲ್ಲ.

ನಮಸ್ಕಾರವನ್ನು ಈಗ ಎರಡರಷ್ಟು ಮಾಡು. ಬೋರಲು ಮಲಗಿ ಹಿಂದಿನಿಂದ ಕಾಲು ಹಿಡಿದು ಬಿಲ್ಲಿನ ಹಾಗೆ ಬಾಗುವ ಧನುರಾಸನವನ್ನೂ ಬರೆದು ಕಳಿಸಿದ್ದೇನೆ. ಹೊಟ್ಟೆಯ ಕೊಬ್ಬು ಕರಗುತ್ತದೆ. ಮೊದಮೊದಲು ಮೈ ಗೊಣಗುತ್ತದೆ, ನನಗೂ ಆಗಿತ್ತು, ಹದಿನೈದು ದಿನದಲ್ಲಿ ಹೋಯಿತು. ಹೊಸ ಆಸನಕ್ಕೆ ಅಷ್ಟು ಸಹಜ.

ಆದರೂ ನೋವಿದ್ದರೆ ಬರೆ. ಸುಮ್ಮನೆ ಕೇಳಿದೆ.

ಶಾಂತಕ್ಕ


ಕಾರಟಗಿ
9-9-1980

ಅಕ್ಕನಿಗೆ ನಮಸ್ಕಾರ.

ತಡವಾಯಿತು. ಹೊಸ ಭತ್ತ ಬರುವುದರೊಳಗೆ ಮಶೀನೆಲ್ಲ ಬಿಚ್ಚಿ ರಿಪೇರಿ ಮಾಡಬೇಕು. ಆ ಗಡಿಬಿಡಿ. ಚೀಲದ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಆಸನ ಬಿಟ್ಟಿಲ್ಲ. ಧನುರಾಸನವನ್ನೂ ಮಾಡುತ್ತೇನೆ. ಗುಳಿಗೆ ಬಿಟ್ಟಿಲ್ಲ. ಎಲ್ಲ ಛಲೋ ಇದೆ. ನೋವಿಲ್ಲ.

ಪಕೀರಪ್ಪ


ಕುಷ್ಟಗಿ
19-9-1980

ತಮ್ಮನಿಗೆ ಆಶೀರ್ವಾದ.

ನಾಲ್ಕು ಸಾಲಿನ ಕಾಗದಕ್ಕೆ ಎರಡು ತಿಂಗಳು ಕಾದೆ. ಬೈಯಬೇಡ ಅಂದಿದ್ದೀಯ, ಬೈಯುತ್ತಿಲ್ಲ. ಆದರೆ ಅಕ್ಷರ ಅಷ್ಟೇಕೆ ನಡುಗಿದೆ? ನಿನ್ನ ಅಕ್ಷರ ಯಾವತ್ತೂ ಮುತ್ತಿನ ಹಾಗೆ ಇರುತ್ತಿತ್ತು. ಮಾಡದೆಯೇ ಮಾಡಿದೆ ಎಂದು ಬರೆಯುತ್ತಿರುವೆಯಾ ಎಂದು ಒಂದು ಗಳಿಗೆ ಅನುಮಾನವೂ ಬಂತು. ಹಾಗೇನಾದರೂ ಇದ್ದರೆ ನನ್ನಾಣೆ ಪಕೀರ, ಈಗ ಕೈಬಿಡಬೇಡ. ತಿರುಪತಿಯ ಹೆಂಡತಿಯ ಬರಿಗೈ ನೋಡಿ ಬಂದಿದ್ದೇನೆ. ಹುಲಗೆಮ್ಮನ ಕೈಯನ್ನು ಹಾಗೆ ನೋಡುವ ಶಕ್ತಿ ನನಗಿಲ್ಲ.

ದೀಪಾವಳಿಗೆ ಬರುತ್ತೇನೆ. ನನ್ನೆದುರು ಮಾಡಿ ತೋರಿಸಬೇಕು.

ಮೈಕೈ ನೋವಿದೆಯಾ? ಈ ಪ್ರಶ್ನೆಗೆ ಮಾತ್ರ ನಿಜ ಬರೆ.

ಶಾಂತಕ್ಕ


ಕಾರಟಗಿ
8-10-1980

ಅಕ್ಕನಿಗೆ ನಮಸ್ಕಾರ.

ಮಾಡದೆ ಮಾಡಿದೆ ಅನ್ನುವವನಲ್ಲ ನಾನು. ನಿನಗೆ ನಂಬಿಕೆ ಬರಲೆಂದೇ ಹೋದ ಶುಕ್ರವಾರ ಹೇಮಗುಡ್ಡಕ್ಕೆ ಹೋಗಿ ಬಂದೆ. ಉಮರಸಾಬನೂ ಬಂದಿದ್ದ. ದುರ್ಗಮ್ಮನಿಗೆ ಕಾಯಿ ಒಡೆಸಿ, ಗುಡ್ಡ ಹತ್ತಿದೆ. ನಡುವೆ ಎಲ್ಲಿಯೂ ಕೂಡಲಿಲ್ಲ. ಮೇಲಿನಿಂದ ನೋಡಿದರೆ ಕಾಲುವೆಯ ಕಡೆ ಎಲ್ಲವೂ ಹಸಿರು. ಅಣ್ಣ ಇದ್ದಿದ್ದರೆ ಅಂದುಕೊಂಡೆ.

ಇಳಿಯುವಾಗ ಮಾತ್ರ ತಮಾಷೆಯಾಯಿತು. ತೊಡೆ ಎರಡೂ ನನ್ನವಲ್ಲ ಅನ್ನುವ ಹಾಗೆ ಆಗಿ ಉಮರಸಾಬನ ಹೆಗಲ ಮೇಲೆ ಕೈ ಹಾಕಿ ಇಳಿದೆ. ಅವನು, "ಹತ್ತೂಮುಂದ ಹುಲಿ, ಇಳಿಯೂಮುಂದ ಇಲಿ" ಎಂದು ನಕ್ಕ. ಎರಡು ದಿನ ಮನೆಯಲ್ಲಿದ್ದೆ. ಈಗ ಪರವಾಗಿಲ್ಲ. ಇದನ್ನು ನೋವು ಎಂದು ಲೆಕ್ಕ ಹಿಡಿಯಬೇಡ, ಗುಡ್ಡ ಹತ್ತಿದವರಿಗೆಲ್ಲ ಆಗುತ್ತದೆ. ನಾಳೆಯಿಂದ ಮತ್ತೆ ಆಸನ ಶುರು.

ಪಕೀರಪ್ಪ


ಕುಷ್ಟಗಿ
15-10-1980

ಪಕೀರ,

ನಿನ್ನ ಕಾಗದ ಈಗಷ್ಟೇ ಕೈ ಸೇರಿತು. ನನಗದು ತಮಾಷೆ ಅನ್ನಿಸಲಿಲ್ಲ. ಆಸನ ನಿಲ್ಲಿಸು. ಗುಳಿಗೆಯನ್ನೂ ನಿಲ್ಲಿಸು. ಹೌದು, ನಾನೇ ಹೇಳುತ್ತಿದ್ದೇನೆ, ನಿಲ್ಲಿಸು. ಮೂತ್ರದ ಬಣ್ಣ ಹೇಗಿದೆ ನೋಡಿಕೋ. ಕಪ್ಪಗಾಗಿದ್ದರೆ ಒಂದು ಗಳಿಗೆಯೂ ಕೂಡಬೇಡ, ಗಂಗಾವತಿಯ ಆಸ್ಪತ್ರೆಗೆ ಹೋಗು. ಏಕೆಂದು ಬಂದು ಹೇಳುತ್ತೇನೆ. ಈ ಕಾಗದ ಮೊದಲು ಮುಟ್ಟುತ್ತದೋ ನಾನೋ ತಿಳಿಯದು. ನಾಳೆಯ ಮೊದಲ ಬಸ್ಸಿಗೆ ಹೊರಡುತ್ತೇನೆ.

ಶಾಂತಕ್ಕ


ಕುಷ್ಟಗಿ
12-1-1981

ತಮ್ಮ ಪಕೀರಪ್ಪನಿಗೆ ಆಶೀರ್ವಾದ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ನಿನ್ನನ್ನು ಊರಿಗೆ ಕರೆತಂದ ಸುದ್ದಿಯನ್ನು ಉಮರಸಾಬ ಯಾರ ಕೈಲೋ ಬರೆಸಿ ಹಾಕಿದ್ದ. ಆಮೇಲೆ ನಾನು ಬರೆದ ಕಾಗದಗಳಿಗೆ ಉತ್ತರವಿಲ್ಲ. ಹುಲಗೆಮ್ಮ ಬರೆಯಲಾರಳು, ನೀನು ಬರೆಯುತ್ತಿಲ್ಲ. ಬರಬೇಕೆಂದು ಎರಡು ಸಲ ಬಸ್ಸು ನಿಲ್ದಾಣಕ್ಕೆ ಹೋಗಿ ತಿರುಗಿ ಬಂದೆ. ಬಾಗಿಲಲ್ಲಿ ನಿಂತರೆ ನೀನು ಒಳಗೆ ಕರೆಯುತ್ತೀಯೋ ಇಲ್ಲವೋ ಎಂದು.

ನಡೆದಾಡುತ್ತಿರುವೆಯಾ? ಊಟ ಸೇರುತ್ತಿದೆಯಾ? ಇಷ್ಟಾದರೂ ತಿಳಿಸು. ಬೈದು ಬರೆದರೂ ಆಗಲಿ.

ಶಾಂತಕ್ಕ


ಕಾರಟಗಿ
26-2-1981

ಅಕ್ಕನಿಗೆ,

ಬೈದು ಬರೆದರೂ ಆಗಲಿ ಅಂದೆ. ಬೈಯಲು ಕೂತರೆ ಕೈಯಲ್ಲಿ ಬಲವಿಲ್ಲ. ಈ ಕಾಗದವನ್ನು ತಡೆದು ತಡೆದು ಬರೆಯುತ್ತಿದ್ದೇನೆ. ನಡುವೆ ಬೆರಳು ಸೋತು ಪೆನ್ನು ಬೀಳುತ್ತದೆ.

ನಡೆದದ್ದರಲ್ಲಿ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನೋವು ಶುರುವಾದದ್ದು ಶ್ರಾವಣದಲ್ಲೇ. ಮೊದಲು ತೊಡೆ, ಆಮೇಲೆ ಭುಜ. ಮಿಲ್ಲಿನ ಏಣಿ ಹತ್ತುವಾಗ ನಡುವೆ ನಿಂತು ಬೆಲ್ಟ್ ನೋಡುವವನ ಹಾಗೆ ನಟಿಸುತ್ತಿದ್ದೆ. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ, ಹುಲಗೆಮ್ಮ ಬಾಚುತ್ತಿದ್ದಳು. "ನಿಮ್ಮ ಅಕ್ಕಾಗ ಬರೀರಿ" ಎಂದು ಅವಳು ಅಂದರೆ, "ಅಕ್ಕ ಮೊದಲ ಕೇಳ್ತಾಳ, ನಾ ನೆವ ಹೇಳಿದೆ ಅಂತ ಅನ್ಕೋತಾಳ, ಬ್ಯಾಡ" ಅನ್ನುತ್ತಿದ್ದೆ. ನೀನು ಪ್ರತಿ ಕಾಗದದಲ್ಲೂ ಕೇಳಿದೆ. ನಾನು ಪ್ರತಿ ಕಾಗದದಲ್ಲೂ ಇಲ್ಲ ಎಂದೆ. ನೀನು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀಯ ಅಂದುಕೊಂಡಿದ್ದೆ.

ಗುಡ್ಡದಿಂದ ಬಂದ ಮೇಲೂ ಹಟ ಮಾಡಿ ಆಸನ ಮಾಡಿದೆ. ನಿನಗೆ ಕಾಗದ ಹಾಕಿದ ಮೂರನೆಯ ಬೆಳಿಗ್ಗೆ ಧನುರಾಸನಕ್ಕೆ ಬೋರಲು ಮಲಗಿದವನಿಗೆ ಏಳಲಾಗಲಿಲ್ಲ. ಹುಲಗೆಮ್ಮ ಹೊರಳಿಸಿ ಕೂಡಿಸಿದಳು. ಮೂತ್ರ ಬೆಲ್ಲದ ಚಹದ ಹಾಗೆ ಕಪ್ಪಗಿತ್ತು, ಆಮೇಲೆ ಅದೂ ನಿಂತಿತು. ಉಮರಸಾಬ ಬಂದು ನೋಡಿ, "ಏಳೋ ಪಕೀರಣ್ಣ, ಇದೇನೋ ಬ್ಯಾರೆ ಐತಿ, ನನಗ ಹೆದರಿಕಿ ಆಗಾಕತ್ತೈತಿ" ಎಂದು ಮಿಲ್ಲಿನ ಲಾರಿಯಲ್ಲಿ ಚೀಲಗಳ ಮೇಲೆ ಮಲಗಿಸಿಕೊಂಡು ಗಂಗಾವತಿಗೆ ಒಯ್ದ. ಅಲ್ಲಿಂದ ಹುಬ್ಬಳ್ಳಿ. ನಿನ್ನ ಕಾಗದ ನಾವು ಹೋದ ಮೇಲೆ ಬಂದದ್ದಂತೆ. ಬಾಗಿಲ ಸಂದಿಯಲ್ಲಿ ಬಿದ್ದಿತ್ತು.

ಇನ್ನು ಆಸ್ಪತ್ರೆಯಲ್ಲಿ ನಡೆದದ್ದು. ನೀನೂ ಇದ್ದೆ, ಆದರೆ ನನ್ನ ಕಿವಿಗೆ ಅದು ಹೇಗೆ ಬಿತ್ತೆಂದು ನಿನಗೆ ಗೊತ್ತಿಲ್ಲ. ಡಾಕ್ಟರು ಹಾಸಿಗೆಯ ಪಕ್ಕ ನಿಂತು, "ಎಷ್ಟು ದಿನದಿಂದ ನೋವು?" ಎಂದು ಕೇಳಿದರು. ಹೇಳಿದೆ. ಅವರು ನಿನ್ನ ಕಡೆ ತಿರುಗಿ, "ಅಲ್ರೀ ಬಾಯಾರ, ನಾ ಅವತ್ತೇ ನಿಮಗ ಹೇಳಿರಲಿಲ್ಲೇನು? ಈ ಗುಳಿಗಿಗೆ ಒಬ್ಬೊಬ್ಬರಿಗೆ ಮಾಂಸಖಂಡ ಕೆಡ್ತಾವ, ಮೈ ನೋವು ಬಂದ್ರ, ಮೂತ್ರ ಕಪ್ಪಗಾದ್ರ ಗುಳಿಗಿ ನಿಲ್ಲಿಸಿ ಕರ್ಕೊಂಡು ಬರ್ರಿ ಅಂತ? ಆಸನ ಮಾಡ್ಲಿ, ಆದ್ರ ಹಗುರಕ ಮಾಡ್ಲಿ ಅಂತ?" ಅಂದರು. ನೀನು ಸೆರಗು ಬಾಯಿಗೆ ಒತ್ತಿಕೊಂಡೆ. ಹುಲಗೆಮ್ಮ, "ಅಕ್ಕಾರ, ನೀವಿನ್ನ ಊರಿಗೆ ಹೋಗ್ರಿ" ಅಂದಳು. ನಾನು ಅವಳನ್ನು ತಡೆಯಲಿಲ್ಲ. ತಡೆಯುವಷ್ಟು ಉಸಿರಿತ್ತು. ತಡೆಯಲಿಲ್ಲ.

ನೀನು ಏಕೆ ಹೇಳಲಿಲ್ಲವೆಂದು ನನಗೆ ತಿಳಿಯುತ್ತದೆ. ಹೇಳಿದ್ದರೆ ನಾನು ಅಣ್ಣನ ಹಾಗೆ ಗುಳಿಗೆ ಎಸೆದು ಬಿಡುತ್ತಿದ್ದೆ ಎಂದು. ಎಸೆಯುತ್ತಿದ್ದೆನೇನೋ. ಆದರೆ ಅಕ್ಕ, ಆ ತೊಡೆ ನನ್ನದು. ಆ ಮೂತ್ರಪಿಂಡ ನನ್ನದು. ನಲವತ್ತೆರಡು ವರ್ಷದವನಿಗೆ ನೀನು ಇನ್ನೂ ತಲೆ ಬಾಚುತ್ತಿದ್ದೆ.

ಮಿಲ್ಲಿನವರು ಮಶೀನಿನ ಕೆಲಸಕ್ಕೆ ಬೇರೆಯವನನ್ನು ಹಾಕಿದ್ದಾರೆ. ನಾನು ಗೇಟಿನ ಬಳಿ ಕುರ್ಚಿಯಲ್ಲಿ ಕೂಡುತ್ತೇನೆ. ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯಬೇಕು. ಪಾದ ಬಾತಿರುತ್ತವೆ. ಡಾಕ್ಟರು ಏನೆಂದರೋ ಹುಲಗೆಮ್ಮ ಹೇಳುವುದಿಲ್ಲ. ಅವಳೂ ನಿನ್ನ ಹಾಗೆಯೇ ಕಲಿತಳು. ನೀನು ಹೋಗಿ ಕೇಳಿ ಬಂದು ಬರೆ. ಅರ್ಧ ಬರೆಯುವುದಾದರೆ ಬರೆಯಬೇಡ.

ಪಕೀರಪ್ಪ


ಕುಷ್ಟಗಿ
20-3-1981

ತಮ್ಮ ಪಕೀರಪ್ಪನಿಗೆ,

ನಿನ್ನ ಕಾಗದ ಓದಿದೆ. ಅದರಲ್ಲಿ ಅಲ್ಲಗಳೆಯುವ ಮಾತು ಒಂದೂ ಇಲ್ಲ. ಅದಕ್ಕೆ ಅದರ ಬಗ್ಗೆ ಬರೆಯದೆ, ನೀನು ಕೇಳಿದ್ದನ್ನು ಬರೆಯುತ್ತೇನೆ.

ಹುಬ್ಬಳ್ಳಿಗೆ ಹೋಗಿದ್ದೆ. ಡಾಕ್ಟರು ಮೊದಲು ಮಾತಾಡಲು ಒಪ್ಪಲಿಲ್ಲ. "ನಿಮಗ ಹೇಳಿ ಏನು ಉಪಯೋಗರಿ?" ಅಂದರು. ನಿನ್ನ ಕಾಗದ ತೋರಿಸಿದೆ. ಓದಿ ಕನ್ನಡಕ ತೆಗೆದಿಟ್ಟು, "ಕೂಡ್ರಿ. ಬರಕೋರಿ" ಅಂದರು. ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ಎಲ್ಲವನ್ನೂ ಇಲ್ಲಿ ಇಳಿಸುತ್ತೇನೆ.

ಮಾಂಸಖಂಡ ಒಳಗೇ ಒಡೆದು ಅದರ ಕೊಳೆ ಮೂತ್ರಪಿಂಡದಲ್ಲಿ ಕಟ್ಟಿತು. ಗುಳಿಗೆಯೊಂದೇ ಆಗಿದ್ದರೆ ಇಷ್ಟಾಗುತ್ತಿತ್ತೋ ಇಲ್ಲವೋ, ನೋವಿನ ಮೈಯನ್ನು ಮತ್ತೆ ಮತ್ತೆ ಬಗ್ಗಿಸಿ, ಗುಡ್ಡ ಹತ್ತಿಸಿ ದಂಡಿಸಿದ್ದರಿಂದ ಜಾಸ್ತಿಯಾಯಿತು. ತೊಡೆಯ ಬಲ ಸ್ವಲ್ಪ ತಿರುಗಿ ಬರಬಹುದು, ಮೊದಲಿನಷ್ಟು ಬರುವುದಿಲ್ಲ. ಮೂತ್ರಪಿಂಡ ಅರ್ಧದಷ್ಟೇ ಕೆಲಸ ಮಾಡುತ್ತಿದೆ. ಅದು ಹಾಗೆಯೇ ನಿಲ್ಲಬಹುದು, ಇನ್ನೂ ಇಳಿಯಬಹುದು. ಪಾದ ಬಾತುಕೊಳ್ಳುವುದು ಅದಕ್ಕೇ. ಉಪ್ಪು ಕಡಿಮೆ ಮಾಡಬೇಕು.

ಆ ಗುಳಿಗೆಯನ್ನು ನೀನು ಜೀವಮಾನದಲ್ಲಿ ಮತ್ತೆ ಮುಟ್ಟುವಂತಿಲ್ಲ. ಹೊರದೇಶದಲ್ಲಿ ಕೊಬ್ಬು ಇಳಿಸುವ ಬೇರೊಂದು ಪುಡಿ ಇದೆಯಂತೆ, ಅವರ ಕೈಗೆ ಸಿಕ್ಕಿಲ್ಲ. ಅಲ್ಲಿಯವರೆಗೆ ಪಥ್ಯವೊಂದೇ ದಾರಿ. ಅದರಿಂದ ಸ್ವಲ್ಪ ಇಳಿಯುತ್ತದೆ, ನಿಮ್ಮ ಮನೆತನದ ಕೊಬ್ಬು ಅಷ್ಟಕ್ಕೆ ಬಗ್ಗುವಂಥದ್ದಲ್ಲ ಎಂದರು.

ಆಸನದ ವಿಷಯವನ್ನೂ ಕೇಳಿದೆ. ಉಸಿರು ಬಿಗಿಹಿಡಿಯುವುದು ಬೇಡ, ಕಾಲು ಮೇಲೆ ಮಾಡುವುದು ಬೇಡ, ನಮಸ್ಕಾರ ಬೇಡ. ಅಂಗಾತ ಮಲಗಿ ಮೆಲ್ಲಗೆ ಉಸಿರಾಡಬಹುದು. ಕುರ್ಚಿಯ ಮೇಲೆ ಕೂತು ಕೈಕಾಲು ಮೆಲ್ಲಗೆ ಚಾಚಬಹುದು. ಮಾಡಿದ ಮರುದಿನ ನೋವು ಜಾಸ್ತಿ ಅನ್ನಿಸಿದರೆ ಅದನ್ನೂ ಬಿಡಬೇಕು. ಯಾವ ಗುಳಿಗೆ ನುಂಗುತ್ತೀಯೆಂದು ಆಸನ ಕಲಿಸುವವರಿಗೆ ಗೊತ್ತಿರಬೇಕು, ಯಾವ ಆಸನ ಮಾಡುತ್ತೀಯೆಂದು ಡಾಕ್ಟರಿಗೆ ಗೊತ್ತಿರಬೇಕು. "ಎರಡೂ ಗೊತ್ತಿದ್ದವರು ನೀವೊಬ್ಬರೇ ಇದ್ರಿ" ಎಂದರು ನನಗೆ.

ಕಡೆಯದು. ಇದನ್ನು ಬರೆಯಲು ಕೂತು ಎದ್ದು, ಕೂತು ಎದ್ದು ಮಾಡಿದೆ. ನಿನ್ನ ಎದೆಯ ಬಗ್ಗೆ ಕೇಳಿದೆ. "ಅವರ ಅಪ್ಪ, ಅಣ್ಣ ಹೋದ ವಯಸ್ಸನ್ನ ಇವರು ದಾಟ್ತಾರೋ ಇಲ್ಲೋ, ನಾ ಹೇಳಲಾರೆ. ದಾಟಿಸಾಕ ಇದ್ದ ಔಷಧ ಇವರಿಗೆ ಆಗಲಿಲ್ಲ. ಎದಿ ಹಿಡಿದ್ರ, ನೋವು ಎಡಗೈಗೆ ಇಳಿದ್ರ, ತಡ ಮಾಡಬಾರದು" ಅಂದರು.

ಇಷ್ಟೇ. ಏನನ್ನೂ ಇಟ್ಟುಕೊಂಡಿಲ್ಲ. ಓದಿ ಏನಾಗುತ್ತೀಯೋ ಎಂದು ನನಗೆ ಭಯವಿದೆ. ಆದರೂ ಹಾಕುತ್ತಿದ್ದೇನೆ.

ಶಾಂತಕ್ಕ


ಕಾರಟಗಿ
11-4-1981

ಅಕ್ಕನಿಗೆ ಪಕೀರನ ನಮಸ್ಕಾರ.

ನಿನ್ನ ಕಾಗದವನ್ನು ಗೇಟಿನ ಬಳಿ ಕೂತು ಓದಿದೆ. ಆಮೇಲೆ ಮನೆಗೆ ಬಂದು ಹುಲಗೆಮ್ಮನಿಗೂ ಓದಿ ಹೇಳಿದೆ. ಅವಳು ಅತ್ತಳು. "ಇದನ್ನೆಲ್ಲ ನನಗೂ ಹೇಳಿದ್ರು, ನಿಮಗ ಹೆಂಗ ಹೇಳ್ಲಿ ಅಂತ ನುಂಗಿಕೊಂಡಿದ್ದೆ" ಅಂದಳು. ಆಮೇಲೆ, "ಅಕ್ಕಾರು ಬರದ್ರಲ್ಲ, ಛಲೋ ಆತು" ಅಂದಳು. ನನಗೆ ಭಯವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಅವತ್ತು ನಿದ್ದೆ ಬಂತು.

ಗೋಡೆಯ ಮೇಲಿನ ಚಿತ್ರ ತೆಗೆದಿಟ್ಟೆ. ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ ಉಸಿರಾಡುತ್ತೇನೆ, ಅಷ್ಟೇ. ಹುಲಗೆಮ್ಮನೂ ಪಕ್ಕದಲ್ಲಿ ಮಲಗುತ್ತಾಳೆ. ಇಬ್ಬರೂ ಸೂರು ನೋಡುತ್ತೇವೆ.

ಇನ್ನು ನೀನು ಯಾವತ್ತೂ ಕೇಳುತ್ತಿದ್ದುದಕ್ಕೆ ಉತ್ತರ. ಎಡ ತೊಡೆ ನೋಯುತ್ತದೆ, ಬಲಕ್ಕಿಂತ ಜಾಸ್ತಿ. ಭುಜ ಪರವಾಗಿಲ್ಲ. ಪಾದ ಸಂಜೆಗೆ ಬಾತುಕೊಳ್ಳುತ್ತವೆ. ಮೂತ್ರ ತಿಳಿಯಾಗಿದೆ. ನಿನ್ನೆ ಬಚ್ಚಲಿಗೆ ಒಂದು ಕೊಡ ನೀರು ಒಯ್ಯುವಾಗ ಎದೆಯ ನಡುವೆ ಯಾರೋ ಮುಷ್ಟಿ ಹಿಡಿದ ಹಾಗಾಯಿತು. ಎಡಗೈಗೂ ಇಳಿಯಿತು. ಕೊಡ ಇಟ್ಟು ಕೂತ ಮೇಲೆ ಬಿಟ್ಟಿತು. ಇವತ್ತು ಬೆಳಿಗ್ಗೆ ಏನೂ ಎತ್ತದೆಯೂ ಒಮ್ಮೆ ಬಂತು. ಹುಲಗೆಮ್ಮನಿಗೆ ಆಗಲೇ ಹೇಳಿದ್ದೇನೆ. ಇವತ್ತೇ ಹುಬ್ಬಳ್ಳಿಗೆ ಹೊರಡಬೇಕೆಂದು ಉಮರಸಾಬ ಲಾರಿ ಕೇಳಲು ಹೋಗಿದ್ದಾನೆ. ಈ ಕಾಗದವನ್ನು ಕುಷ್ಟಗಿ ಬಸ್ಸಿನ ಡ್ರೈವರನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ.

ಸಾಲಿಗೆ ರಜೆ ಆಗುವವರೆಗೆ ಕಾಯಬೇಡ. ನೆಟ್ಟಗೆ ಹುಬ್ಬಳ್ಳಿಗೇ ಬಾ ಅಕ್ಕ.

ಪಕೀರ